ಹಗಲು ಏನೂ ತೊಂದರೆ ಇಲ್ಲ, ರಾತ್ರಿ ಮಾತ್ರ ಹಾಸಿಗೆ ಒದ್ದೆ

ಮಲೆನಾಡಿನ ಅಮ್ಮ, ಜುಲೈ 9, ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ಬರೆಯಲೋ ಬೇಡವೋ ಎಂದು ಒಂದು ವಾರದಿಂದ ಯೋಚಿಸುತ್ತಿದ್ದೆ. ಮನೆಯಲ್ಲಿ ಯಾರ ಹತ್ತಿರವೂ ಬಿಚ್ಚಿ ಮಾತಾಡಲು ಆಗುತ್ತಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಮಗನಿಗೆ ಐದೂವರೆ ವರ್ಷ, ಯುಕೆಜಿ. ಎರಡೂವರೆ ವರ್ಷಕ್ಕೇ ಡೈಪರ್ ಬಿಡಿಸಿದ್ದೆ. ಹಗಲು ಹೊತ್ತು ಒಂದಕ್ಕೆ, ಎರಡಕ್ಕೆ ಎಲ್ಲ ತಾನೇ ಹೇಳುತ್ತಾನೆ, ತಾನೇ ಹೋಗುತ್ತಾನೆ. ಚಡ್ಡಿ ಒದ್ದೆ ಮಾಡಿಕೊಂಡು ಬಂದಿದ್ದು ನೆನಪೇ ಇಲ್ಲ. ಆದರೆ ರಾತ್ರಿ ಮಾತ್ರ ಆಗುತ್ತಲೇ ಇಲ್ಲ. ವಾರಕ್ಕೆ ಐದು ದಿನ, ಕೆಲವು ವಾರ ಏಳಕ್ಕೆ ಏಳೂ ದಿನ ಹಾಸಿಗೆ ಒದ್ದೆ. ಹುಟ್ಟಿದಾಗಿನಿಂದ ಸಾಲಾಗಿ ಒಂದು ವಾರ ಒದ್ದೆ ಮಾಡದೆ ಎದ್ದಿದ್ದು ನಾನು ಕಂಡಿಲ್ಲ.

ನಿದ್ದೆ ಎಂದರೆ ಅಂಥಾ ನಿದ್ದೆ. ಚಡ್ಡಿ, ಬನಿಯನ್ನು, ಹೊದಿಕೆ ಎಲ್ಲ ನೆನೆದು ಹೋದರೂ ಎಚ್ಚರವಾಗುವುದಿಲ್ಲ. ನಾನೇ ಎರಡು ಗಂಟೆಗೆ ಮುಟ್ಟಿ ನೋಡಿ, ಎತ್ತಿ, ಬಟ್ಟೆ ಬದಲಿಸಿ ಮಲಗಿಸಬೇಕು. ಬೆಳಿಗ್ಗೆ ಕೇಳಿದರೆ ಅವನಿಗೆ ಏನೂ ಗೊತ್ತೇ ಇರುವುದಿಲ್ಲ.

ನಮ್ಮ ಕಡೆ ಈಗ ಜಡಿಮಳೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಬಚ್ಚಲ ಹಂಡೆ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದೇನೆ, ಆಮೇಲೆ ಎಲ್ಲದಕ್ಕೂ ಹೊಗೆ ವಾಸನೆ. ಅತ್ತೆ ದಿನಾ ಬೆಳಿಗ್ಗೆ "ಇಷ್ಟು ದೊಡ್ಡವನಾಗಿ ಇನ್ನೂ ಉಚ್ಚೆ ಹೊಯ್ಯುತ್ತೀಯಾ, ನಾಚಿಕೆ ಆಗಲ್ವಾ" ಎನ್ನುತ್ತಾರೆ. ಅವರು ಕೆಟ್ಟವರಲ್ಲ, ಮೊಮ್ಮಗ ಎಂದರೆ ಪ್ರಾಣ. ಆದರೂ ಆ ಮಾತು ಕೇಳಿದಾಗ ಅವನ ಮುಖ ಸಣ್ಣದಾಗುವುದನ್ನು ನೋಡಲು ಆಗುವುದಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಕಳೆದ ಸೋಮವಾರ ರಾತ್ರಿ ಎರಡನೇ ಸಲ ಎದ್ದು, ಬದಲಿಸಲು ಒಣಗಿದ ಬಟ್ಟೆಯೇ ಇಲ್ಲದೆ, ನಾನು ಅವನಿಗೆ ಒಂದು ಏಟು ಕೊಟ್ಟುಬಿಟ್ಟೆ. ನಿದ್ದೆಗಣ್ಣಲ್ಲಿ ಯಾಕೆ ಹೊಡೆದರು ಎಂದೇ ಗೊತ್ತಾಗದೆ ಅತ್ತ. ಆವತ್ತಿನಿಂದ ನನಗೆ ಸಮಾಧಾನವಿಲ್ಲ.

ಚೌತಿಗೆ ತವರು ಮನೆಗೆ ಹೋಗಬೇಕು. ಅಣ್ಣಂದಿರ ಮಕ್ಕಳೆಲ್ಲ ಜಗುಲಿಯಲ್ಲಿ ಸಾಲಾಗಿ ಮಲಗುತ್ತಾರೆ. ಈ ಸಲ ಅವನು "ನಾನು ಬರಲ್ಲ" ಎನ್ನುತ್ತಿದ್ದಾನೆ. ಕಾರಣ ಹೇಳುವುದಿಲ್ಲ, ನನಗೆ ಗೊತ್ತು.

ಇದಕ್ಕೆ ಔಷಧಿ ಇದೆಯಾ? ಡಾಕ್ಟರ್ ಹತ್ತಿರ ಹೋಗುವ ವಿಷಯವಾ ಅಥವಾ ಕಾಯಬೇಕಾ? ಅನುಭವ ಇದ್ದವರು ಹೇಳಿ.

ಮೈಸೂರು ಅಕ್ಕ, ಜುಲೈ 9, ರಾತ್ರಿ 11:35

ತಂಗಿ, ಮೊದಲು ಒಂದು ಮಾತು. ಏಟು ಕೊಟ್ಟೆ ಎಂದು ಕೊರಗುತ್ತಾ ಕೂರಬೇಡಿ. ನಾಳೆ ಬೆಳಿಗ್ಗೆ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು "ಅಮ್ಮ ಆವತ್ತು ಹೊಡೆದಿದ್ದು ತಪ್ಪು, ನಿನ್ನದೇನೂ ತಪ್ಪಿಲ್ಲ" ಎಂದು ಹೇಳಿಬಿಡಿ. ಮಕ್ಕಳಿಗೆ ಅದು ಅರ್ಥವಾಗುತ್ತದೆ.

ನನ್ನ ಎರಡನೆಯವನು ಏಳು ವರ್ಷದವರೆಗೆ ಒದ್ದೆ ಮಾಡುತ್ತಿದ್ದ. ಕಾರಣ, ಔಷಧಿ ಎಲ್ಲ ತಿಳಿದವರು ಹೇಳಲಿ. ನಾನು ರಾತ್ರಿ ಎರಡು ಗಂಟೆಯ ಕೆಲಸ ಹಗುರ ಮಾಡಿಕೊಂಡ ರೀತಿ ಹೇಳುತ್ತೇನೆ. ನಿಮಗೆ ನಿದ್ದೆಯಾದರೆ ಅರ್ಧ ಸಿಟ್ಟು ತಾನಾಗಿಯೇ ಹೋಗುತ್ತದೆ.

ಹಾಸಿಗೆಯ ಮೇಲೆ ಒಂದು ರಬ್ಬರ್ ಶೀಟ್, ಅದರ ಮೇಲೆ ಹತ್ತಿ ಬಟ್ಟೆ. ಅದರ ಮೇಲೆ ಮತ್ತೊಂದು ರಬ್ಬರ್ ಶೀಟ್, ಮತ್ತೊಂದು ಹತ್ತಿ ಬಟ್ಟೆ. ರಾತ್ರಿ ಒದ್ದೆಯಾದಾಗ ಮೇಲಿನ ಜೋಡಿಯನ್ನು ಸುತ್ತಿ ಬಕೆಟ್‌ಗೆ ಹಾಕಿದರೆ ಕೆಳಗೆ ಒಣ ಹಾಸಿಗೆ ತಯಾರು. ಚಡ್ಡಿ, ಬನಿಯನ್ನು ದಿಂಬಿನ ಪಕ್ಕದಲ್ಲೇ ಇಟ್ಟಿರಿ. ದೀಪ ಜೋರಾಗಿ ಹಾಕುವುದು ಬೇಡ, ಮಾತೂ ಬೇಡ. ಎರಡು ನಿಮಿಷದ ಕೆಲಸ. ಮಕ್ಕಳ ಅಂಗಡಿಯಲ್ಲಿ ಡ್ರೈ ಶೀಟ್ ಎಂದು ಸಿಗುತ್ತದೆ, ಅದು ಮೆತ್ತಗಿರುತ್ತದೆ. ಆದರೆ ನಿಮ್ಮ ಮಳೆಯಲ್ಲಿ ಅದು ಒಣಗುವುದು ನಿಧಾನ. ಹಳೆಯ ರಬ್ಬರ್ ಶೀಟನ್ನು ಒರೆಸಿದರೆ ಸಾಕು.

ಹತ್ತಿ ಬಟ್ಟೆಗೆ ದಪ್ಪ ಬೆಡ್‌ಶೀಟ್ ಬೇಡ, ಹಳೆ ಪಂಚೆ ಇದ್ದರೆ ಎರಡು ಪದರ ಮಡಚಿ ಹಾಕಿ. ಚೆನ್ನಾಗಿ ಹೀರುತ್ತದೆ, ಒಲೆ ಹತ್ತಿರ ಒಂದು ಗಂಟೆಯಲ್ಲಿ ಒಣಗುತ್ತದೆ. ಕಂಬಳಿ, ರಜಾಯಿ ಅವನಿಗೆ ಹೊದೆಸಬೇಡಿ, ಸುಲಭವಾಗಿ ಒಗೆಯಲು ಬರುವ ತೆಳು ಹೊದಿಕೆ ಎರಡು ಕೊಡಿ. ಒದ್ದೆ ಬಟ್ಟೆಯನ್ನು ರಾತ್ರಿಯೇ ತಣ್ಣೀರಿಗೆ ಹಾಕಿಬಿಟ್ಟರೆ ವಾಸನೆ ಕೂರುವುದಿಲ್ಲ, ತುಂಬಾ ವಾಸನೆ ಇದ್ದರೆ ಒಂದು ಚಮಚ ಅಡಿಗೆ ಸೋಡಾ ಹಾಕಿ ನೆನೆಸಿ. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಸೊಂಟದ ಕೆಳಗೆ ಚೆನ್ನಾಗಿ ತೊಳೆಸಿ. ಮೈಯಲ್ಲಿ ವಾಸನೆ ಉಳಿದರೆ ಕ್ಲಾಸಿನಲ್ಲಿ ಮಕ್ಕಳು ಬೇಗ ಗುರುತು ಹಿಡಿಯುತ್ತಾರೆ, ಆ ನೋವು ಹಾಸಿಗೆ ಒದ್ದೆಗಿಂತ ದೊಡ್ಡದು.

ಧಾರವಾಡದ ಅಪ್ಪ, ಜುಲೈ 10, ಬೆಳಿಗ್ಗೆ 6:20

ಅಕ್ಕಾರ, ನಿಮ್ಮ ಬರಹ ಓದಿ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಐದನೇ ಇಯತ್ತೆವರೆಗೆ ಹಾಸಿಗೆ ಒದ್ದೆ ಮಾಡುತ್ತಿದ್ದವನು. ಈಗ ನನಗೆ 38 ವರ್ಷ, ಇದನ್ನು ಹೊರಗಿನವರಿಗೆ ಹೇಳುತ್ತಿರುವುದು ಇದೇ ಮೊದಲು.

ನಿಮ್ಮ ಮಗ ಬೇಕೆಂದು ಮಾಡುತ್ತಿಲ್ಲ. ಆಲಸ್ಯಕ್ಕೆ ಮಾಡುತ್ತಿಲ್ಲ. ಮಲಗುವ ಮುಂಚೆ ನಾನು ದೇವರಿಗೆ ಕೈ ಮುಗಿದು "ಇವತ್ತೊಂದು ದಿನ ಆಗದಿರಲಿ" ಎಂದು ಬೇಡಿಕೊಳ್ಳುತ್ತಿದ್ದೆ. ನಿದ್ದೆ ಮಾಡಿದರೆ ತಾನೇ ಆಗುವುದು ಎಂದು ಗೋಡೆಗೆ ಒರಗಿ ಕೂತಿರುತ್ತಿದ್ದೆ. ಯಾವಾಗ ನಿದ್ದೆ ಹತ್ತುತ್ತಿತ್ತೋ ಗೊತ್ತಿಲ್ಲ, ಎದ್ದಾಗ ಕೌದಿ ತಣ್ಣಗಾಗಿರುತ್ತಿತ್ತು. ಕನಸಿನಲ್ಲಿ ಬಚ್ಚಲಿಗೆ ಹೋಗಿ ಕೂತಂತೆ ಅನಿಸುತ್ತಿತ್ತು. ಎಷ್ಟೋ ಸಲ ಕನಸಿನಲ್ಲೇ "ಇದು ಕನಸಲ್ಲ ತಾನೇ" ಎಂದು ಗೋಡೆ ಮುಟ್ಟಿ ನೋಡಿ ಕೂತಿದ್ದೇನೆ, ಆದರೂ ಹಾಸಿಗೆಯಲ್ಲೇ ಆಗಿರುತ್ತಿತ್ತು.

ನಮ್ಮವ್ವ ಬೈಯುತ್ತಿರಲಿಲ್ಲ. ಆದರೆ ಕೌದಿ ದೊಡ್ಡದು, ಅದನ್ನು ಒಣಗಿಸಲು ಓಣಿ ಕಡೆಯ ಕಟ್ಟೆಯ ಮೇಲೆ ಹಾಕಲೇಬೇಕಿತ್ತು. ಬಿಸಿಲಿಗೆ ಹಾಕಿದ ಕೌದಿ ಕಂಡರೆ ಓಣಿಯ ಹುಡುಗರಿಗೆಲ್ಲ ಗೊತ್ತಾಗುತ್ತಿತ್ತು. ಒಮ್ಮೆ ಊರ ಜಾತ್ರೆಗೆ ಬಂದ ನೆಂಟರ ಮುಂದೆ ಮನೆಯ ಹಿರಿಯರೊಬ್ಬರು ನನ್ನನ್ನು ಕರೆದು ಇದರ ಬಗ್ಗೆ ಕೇಳಿ ನಕ್ಕರು. ಆ ನೆಂಟರ ಮುಖಗಳು ಇವತ್ತಿಗೂ ನೆನಪಿವೆ. ಹಾಸಿಗೆ ಒದ್ದೆಯಾಗಿದ್ದು ಮರೆತುಹೋಗುತ್ತದೆ ಅಕ್ಕಾರ, ನಕ್ಕವರು ಮರೆಯುವುದಿಲ್ಲ.

ನನ್ನ ಮಗನಿಗೆ ಈಗ ಏಳು. ಅವನಿಗೂ ಹಾಗೆಯೇ ಇತ್ತು. ಆರು ತುಂಬಿದಾಗ ಒಂದು ದಿನ ಅವನು ಒದ್ದೆ ಚಡ್ಡಿಯನ್ನು ಮಂಚದ ಕೆಳಗೆ ಬಚ್ಚಿಟ್ಟಿದ್ದು ಸಿಕ್ಕಿತು. ಆವತ್ತು ಅವನನ್ನು ಸ್ಕೂಟರ್ ಮೇಲೆ ಸಾಧನಕೇರಿ ಕಡೆ ಕರೆದುಕೊಂಡು ಹೋಗಿ, ಕೆರೆ ಹತ್ತಿರ ಕೂತು, "ಅಪ್ಪನಿಗೂ ಹತ್ತು ವರ್ಷದವರೆಗೆ ಹೀಗೇ ಆಗುತ್ತಿತ್ತು" ಎಂದು ಹೇಳಿದೆ. ಅವನು ಭಾಳ ಹೊತ್ತು ನನ್ನನ್ನೇ ನೋಡಿದ. "ಆಮೇಲೆ ಹೆಂಗ್ ನಿಂತಿತು" ಎಂದು ಕೇಳಿದ. "ತಾನೇ ನಿಂತಿತು" ಎಂದೆ. ಅಷ್ಟೇ. ಆಮೇಲೆ ಅವನು ಚಡ್ಡಿ ಬಚ್ಚಿಡಲಿಲ್ಲ. ಈಗ ಹದಿನೈದು ದಿನಕ್ಕೊಮ್ಮೆ ಆದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಿಮ್ಮ ಯಜಮಾನರನ್ನು ಒಮ್ಮೆ ಕೇಳಿ ನೋಡಿ. ಇದು ಮನೆತನದಲ್ಲಿ ಬರುತ್ತದೆ ಎಂದು ನಮ್ಮ ಡಾಕ್ಟರ್ ಹೇಳಿದ್ದರು.

ಮಕ್ಕಳ ವಾರ್ಡ್ ಸಿಸ್ಟರ್, ಜುಲೈ 10, ಮಧ್ಯಾಹ್ನ 2:15

ನಾನು ಮಕ್ಕಳ ವಿಭಾಗದಲ್ಲಿ 16 ವರ್ಷದಿಂದ ಶುಶ್ರೂಷಕಿ. ಡಾಕ್ಟರ್ ಅಲ್ಲ. ಆದರೆ ಇಂಥ ತಾಯಂದಿರನ್ನು ವಾರಕ್ಕೆ ಒಬ್ಬರನ್ನಾದರೂ ನೋಡುತ್ತೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಧಾರವಾಡದ ಸರ್ ಹೇಳಿದ್ದು ನಿಜ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಚಿಕ್ಕಂದಿನಲ್ಲಿ ಇದ್ದರೆ ಮಗುವಿಗೆ ಬರುವ ಸಾಧ್ಯತೆ 100ಕ್ಕೆ ಸುಮಾರು 44, ಇಬ್ಬರಿಗೂ ಇದ್ದರೆ ಸುಮಾರು 77. 5 ವರ್ಷದ ಮಕ್ಕಳಲ್ಲಿ 100ಕ್ಕೆ ಸುಮಾರು 15 ಮಕ್ಕಳು ರಾತ್ರಿ ಒದ್ದೆ ಮಾಡುತ್ತಾರೆ. ಹುಡುಗರು ಜಾಸ್ತಿ. ಏನೂ ಮಾಡದಿದ್ದರೂ ಪ್ರತಿ ವರ್ಷ ಅವರಲ್ಲಿ ಸುಮಾರು 15% ಮಕ್ಕಳಿಗೆ ತಾನಾಗಿಯೇ ನಿಲ್ಲುತ್ತದೆ. 5 ತುಂಬುವವರೆಗೆ ಇದನ್ನು ಕಾಯಿಲೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ನಿಮ್ಮ ಮಗನಿಗೆ ಐದೂವರೆ ಅಷ್ಟೇ.

ಒಳಗೆ ಏನಾಗುತ್ತಿದೆ ಎಂದರೆ, ರಾತ್ರಿ ಹೊತ್ತು ಮೂತ್ರ ಕಡಿಮೆ ತಯಾರಾಗಲಿ ಎಂದು ಮೆದುಳು ವಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಕೆಲವು ಮಕ್ಕಳಲ್ಲಿ ಈ ಏರ್ಪಾಡು ತಡವಾಗಿ ಕೂಡಿ ಬರುತ್ತದೆ. ಇನ್ನು ಕೆಲವರಲ್ಲಿ ಮೂತ್ರಚೀಲ ವಯಸ್ಸಿಗೆ ತಕ್ಕಷ್ಟು ಹಿಡಿಯುವುದಿಲ್ಲ. ಜೊತೆಗೆ, ತುಂಬಿದೆ ಎಂಬ ಸುದ್ದಿ ಮೆದುಳಿಗೆ ಮುಟ್ಟಿದರೂ ನಿದ್ದೆ ಒಡೆಯುವುದಿಲ್ಲ. ಇದರಲ್ಲಿ ಯಾವುದೂ ಮಗುವಿನ ಕೈಯಲ್ಲಿಲ್ಲ. ಬೈದರೆ ಹಾರ್ಮೋನ್ ಬೇಗ ಬರುವುದಿಲ್ಲ.

ಈಗ ನಾನು ಕೇಳುವುದಕ್ಕೆ ಉತ್ತರ ಬರೆಯಿರಿ. ಎರಡಕ್ಕೆ ದಿನಾ ಹೋಗುತ್ತಾನಾ? ಗಟ್ಟಿ ಇರುತ್ತದಾ, ಮುಕ್ಕುತ್ತಾನಾ? ಶಾಲೆಯಲ್ಲಿ ಒಂದಕ್ಕೆ ಹೋಗುತ್ತಾನಾ ಅಥವಾ ಮನೆಗೆ ಬರುವವರೆಗೆ ತಡೆದಿಟ್ಟುಕೊಳ್ಳುತ್ತಾನಾ? ನೀರಿನ ಬಾಟಲಿ ಖಾಲಿಯಾಗಿ ಬರುತ್ತದಾ? ಸಂಜೆಯಿಂದ ಮಲಗುವವರೆಗೆ ಏನೇನು ಕುಡಿಯುತ್ತಾನೆ? ಬಾಯಿ ತೆರೆದು ಗೊರಕೆ ಹೊಡೆಯುತ್ತಾನಾ?

ಯಾಕೆ ಕೇಳುತ್ತಿದ್ದೇನೆ ಎಂದರೆ, ಬಹಳ ಜನಕ್ಕೆ ಗೊತ್ತಿಲ್ಲ, ಹೊಟ್ಟೆ ಕಟ್ಟಿದ್ದರೆ ಹಾಸಿಗೆ ಒದ್ದೆಯಾಗುತ್ತದೆ. ಮಲ ತುಂಬಿಕೊಂಡ ಕರುಳು ಮೂತ್ರಚೀಲದ ಪಕ್ಕದಲ್ಲೇ ಇರುತ್ತದೆ, ಒತ್ತುತ್ತದೆ. ಚೀಲಕ್ಕೆ ಹಿಗ್ಗಲು ಜಾಗವೇ ಇಲ್ಲ. ಮೊದಲು ಅದನ್ನು ಸರಿಮಾಡದೆ ಬೇರೆ ಏನು ಮಾಡಿದರೂ ಪ್ರಯೋಜನ ಕಡಿಮೆ.

ಎರಡು ವಾರ ಒಂದು ನೋಟ್‌ಬುಕ್‌ನಲ್ಲಿ ಎಲ್ಲ ಬರೆದಿಡಿ. ಒಂದು ಶನಿವಾರ, ಭಾನುವಾರ ಹಗಲು ಹೊತ್ತು ಒಂದಕ್ಕೆ ಹೋದಾಗಲೆಲ್ಲ ಅಳತೆ ಲೋಟದಲ್ಲಿ ಹಿಡಿದು ಬರೆಯಿರಿ. ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿದರೆ ಸುಮಾರಾಗಿ ಎಷ್ಟು ಮಿಲಿ ಹಿಡಿಯಬೇಕು ಎಂದು ಬರುತ್ತದೆ. 5 ವರ್ಷಕ್ಕೆ 180 ಮಿಲಿ. ಈ ನೋಟ್‌ಬುಕ್ ಹಿಡಿದುಕೊಂಡು ಡಾಕ್ಟರ್ ಹತ್ತಿರ ಹೋದರೆ ಅವರಿಗೆ ಅರ್ಧ ವಿಷಯ ಅಲ್ಲೇ ಗೊತ್ತಾಗುತ್ತದೆ.

ಕಾಯದೆ ಬೇಗ ತೋರಿಸಬೇಕಾದ ಸಂದರ್ಭಗಳೂ ಇವೆ. ಆರು ತಿಂಗಳು ಒದ್ದೆ ಮಾಡದೆ ಇದ್ದ ಮಗು ಇದ್ದಕ್ಕಿದ್ದಂತೆ ಮತ್ತೆ ಶುರು ಮಾಡಿದರೆ, ಉರಿ ಎಂದರೆ, ಜ್ವರ ಇದ್ದರೆ, ಹಗಲೂ ಚಡ್ಡಿ ಒದ್ದೆಯಾಗುತ್ತಿದ್ದರೆ, ಮೂತ್ರದ ಧಾರೆ ಸಣ್ಣಗೆ ತೊಟ್ಟಿಕ್ಕುತ್ತಿದ್ದರೆ, ನಡಿಗೆಯಲ್ಲಿ ವ್ಯತ್ಯಾಸ ಬಂದಿದ್ದರೆ. ಎಲ್ಲಕ್ಕಿಂತ ಮುಖ್ಯ, ಮಗು ವಿಪರೀತ ಬಾಯಾರಿಕೆ ಎಂದು ನೀರು ಕುಡಿಯುತ್ತಾ ಸೊರಗುತ್ತಿದ್ದರೆ ಆವತ್ತೇ ಸಕ್ಕರೆ ಪರೀಕ್ಷೆ ಮಾಡಿಸಿ. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ ಹೀಗೆ ಹಾಸಿಗೆ ಒದ್ದೆಯಿಂದಲೇ ಮೊದಲು ಗೊತ್ತಾಗಿದ್ದನ್ನು ನಾನು ನೋಡಿದ್ದೇನೆ.

ಸಾಗರದ ಅಜ್ಜಿ, ಜುಲೈ 10, ಸಂಜೆ 5:05

ಮಗಳೇ, ಮೊಮ್ಮಗಳ ಫೋನಿನಲ್ಲಿ ಓದಿದೆ, ಅವಳೇ ಟೈಪ್ ಮಾಡಿಕೊಡುತ್ತಿದ್ದಾಳೆ. ನಾನು ಐದು ಮಕ್ಕಳನ್ನು ಸಾಕಿದವಳು. ನಮ್ಮ ಕಾಲದಲ್ಲಿ ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಮಾಡಿ ಸಂಜೆಗೊಂದು ಉಂಡೆ ಕೊಡುತ್ತಿದ್ದೆವು. ಮೈಗೆ ಉಷ್ಣ, ಮಳೆಗಾಲದ ಥಂಡಿಗೆ ಒಳ್ಳೆಯದು. ಮತ್ತೆ ನಾವು ಮಲಗುವಾಗ ಮಗುವನ್ನು ಎತ್ತಿಕೊಂಡು ಹೋಗಿ ಒಂದಕ್ಕೆ ಮಾಡಿಸಿ ಮಲಗಿಸುತ್ತಿದ್ದೆವು. ಅಷ್ಟರಲ್ಲೇ ಎಲ್ಲರದೂ ಬಿಟ್ಟಿತು. ಮಗುವಿಗೆ ಹೊಡೆಯಬೇಡ. ಅತ್ತೆಗೆ ನಾನು ಹೇಳಿದೆ ಎಂದು ಹೇಳು, ಅವರಿಗೂ ನನ್ನಷ್ಟೇ ವಯಸ್ಸಾಗಿರಬೇಕು.

ಮಕ್ಕಳ ವಾರ್ಡ್ ಸಿಸ್ಟರ್, ಜುಲೈ 10, ರಾತ್ರಿ 9:30

ಅಜ್ಜಿ, ಚಿಗಳಿ ಕೊಡಲಿ, ಒಳ್ಳೆಯ ತಿಂಡಿ. ಅದರಿಂದಲೇ ಒದ್ದೆ ನಿಲ್ಲುತ್ತದೆ ಎಂದು ನಾನು ಹೇಳಲಾರೆ, ಆದರೆ ಮಕ್ಕಳಿಗೆ ಬಿಸ್ಕತ್ತಿಗಿಂತ ಎಳ್ಳುಂಡೆ ಮೇಲು.

ಎತ್ತಿಕೊಂಡು ಹೋಗಿ ಮಾಡಿಸುವ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದರಿಂದ ಆ ರಾತ್ರಿ ಹಾಸಿಗೆ ಉಳಿಯುತ್ತದೆ, ನಿಜ. ಮಗು ಕಲಿಯುವುದು ಏನೂ ಇಲ್ಲ. ನಿದ್ದೆಯಲ್ಲೇ ಹೆಗಲ ಮೇಲೆ ಹಾಕಿಕೊಂಡು ಹೋಗಿ, ನಿದ್ದೆಯಲ್ಲೇ ಮಾಡಿಸಿ, ನಿದ್ದೆಯಲ್ಲೇ ತಂದು ಮಲಗಿಸಿದರೆ ನಿದ್ದೆಯಲ್ಲಿ ಒಂದಕ್ಕೆ ಮಾಡುವುದನ್ನು ನಾವೇ ರೂಢಿ ಮಾಡಿಸಿದಂತೆ ಆಗುತ್ತದೆ ಅಲ್ವಾ? ನೆಂಟರ ಮನೆಯಲ್ಲಿ ಎರಡು ದಿನಕ್ಕೆ ಮಾಡಬಹುದು. ಮಾಡಿದರೂ ಪೂರ್ತಿ ಎಬ್ಬಿಸಿ, ಹೆಸರು ಕರೆದು ಮಾತಾಡಿಸಿ, ಅವನ ಕಾಲಲ್ಲೇ ನಡೆಸಿಕೊಂಡು ಹೋಗಿ.

ನೀರು ನಿಲ್ಲಿಸಬೇಡಿ ಎಂದೂ ಹೇಳಬೇಕಿತ್ತು, ಮರೆತೆ. ಎಷ್ಟೋ ಮನೆಗಳಲ್ಲಿ ಸಂಜೆ ಐದಕ್ಕೇ ನೀರು ಬಂದ್ ಮಾಡಿಬಿಡುತ್ತಾರೆ. ಬಾಯಾರಿದ ಮಗುವಿಗೆ ನೀರು ಕೊಡದಿರುವುದು ಶಿಕ್ಷೆ. ದಿನದ ನೀರಿನಲ್ಲಿ ಸುಮಾರು 40% ಬೆಳಿಗ್ಗೆ, 40% ಮಧ್ಯಾಹ್ನ, ಉಳಿದ 20% ಸಂಜೆಯ ಮೇಲೆ, ಹೀಗೆ ಹಂಚಿಕೊಂಡರೆ ಸಾಕು. ಹಗಲು ಚೆನ್ನಾಗಿ ಕುಡಿದರೆ ಮೂತ್ರಚೀಲ ಹಿಗ್ಗಲು ಕಲಿಯುತ್ತದೆ, ರಾತ್ರಿ ಬಾಯಾರಿಕೆಯೂ ಆಗುವುದಿಲ್ಲ. ಸಂಜೆ ಟೀ, ಕಾಫಿ, ಕೋಲಾ ಬೇಡವೇ ಬೇಡ.

ಬೆಂಗಳೂರಿನ ಚಿನ್ನಿ ಅಮ್ಮ, ಜುಲೈ 11, ರಾತ್ರಿ 10:10

ನಾನು ಅಲಾರಂ ಬಳಸಿದವಳು. ನಮ್ಮ ಮಗಳಿಗೆ ಆಗ ಎಂಟು ವರ್ಷ. ಚಡ್ಡಿಗೆ ಸಿಕ್ಕಿಸುವ ಒಂದು ಸಣ್ಣ ಸೆನ್ಸರ್, ಭುಜದ ಹತ್ತಿರ ಒಂದು ಪುಟ್ಟ ಡಬ್ಬಿ. ಒಂದೆರಡು ಹನಿ ಬಿದ್ದ ತಕ್ಷಣ ಕೂಗುತ್ತದೆ. ಆನ್‌ಲೈನ್‌ನಲ್ಲಿ ತರಿಸಿದ್ದು.

ಇದನ್ನು ತರಿಸುವವರು ಒಂದು ತಿಳಿದುಕೊಂಡಿರಿ. ಮೊದಲ ಮೂರು ವಾರ ಇಡೀ ಮನೆಗೆ ಎಚ್ಚರವಾಗುತ್ತದೆ, ಮಗುವಿಗೆ ಮಾತ್ರ ಆಗುವುದಿಲ್ಲ. ಅಷ್ಟರಲ್ಲೇ "ಇದು ಕೆಲಸ ಮಾಡುತ್ತಿಲ್ಲ" ಎಂದು ಬಿಟ್ಟುಬಿಡುವವರೇ ಜಾಸ್ತಿ. ನಾನು ಅವಳ ಪಕ್ಕದಲ್ಲೇ ಹಾಸಿಗೆ ಹಾಕಿಕೊಂಡು, ಕೂಗಿದ ಕೂಡಲೇ ಎಬ್ಬಿಸಿ ಕೂರಿಸಿ, ಅವಳ ಕೈಯಲ್ಲೇ ಅದನ್ನು ಆಫ್ ಮಾಡಿಸಿ, ಬಾತ್‌ರೂಮಿಗೆ ಕರೆದುಕೊಂಡು ಹೋಗುತ್ತಿದ್ದೆ. ನಾಲ್ಕನೇ ವಾರ ಒದ್ದೆಯಾಗುವ ಜಾಗ ಸಣ್ಣದಾಯಿತು. ಐದನೇ ವಾರ ಒಂದು ರಾತ್ರಿ ಕೂಗುವ ಮುಂಚೆಯೇ ಅವಳೇ ಎದ್ದು ಹೋದಳು, ನಾನು ಕತ್ತಲಲ್ಲಿ ಕೂತು ಅತ್ತುಬಿಟ್ಟೆ. ಸಾಲಾಗಿ 14 ರಾತ್ರಿ ಒದ್ದೆಯಾಗದಿದ್ದರೆ ನಿಲ್ಲಿಸಬಹುದು ಎಂದಿದ್ದರು. ನಮಗೆ ಎರಡೂವರೆ ತಿಂಗಳು ಹಿಡಿಯಿತು. ಮೂವರಲ್ಲಿ ಇಬ್ಬರು ಮಕ್ಕಳಿಗೆ ಕೆಲಸ ಮಾಡುತ್ತದೆ ಎಂದು ಡಾಕ್ಟರ್ ಮೊದಲೇ ಹೇಳಿದ್ದರಿಂದ ತಾಳ್ಮೆ ಬಂತು.

ಐದೂವರೆಗೆ ಇದು ಬೇಗ ಆಯಿತು ಎಂದು ನನ್ನ ಅನಿಸಿಕೆ. ಮಗುವಿಗೆ ತಾನೇ ಬೇಕು ಎನಿಸಬೇಕು, ಇಲ್ಲದಿದ್ದರೆ ಅಲಾರಂ ಕೂಡ ಇನ್ನೊಂದು ಬೈಗುಳದ ಹಾಗೆ ಕೇಳಿಸುತ್ತದೆ.

ಮಾತ್ರೆಯೂ ಇದೆ, ಡೆಸ್ಮೊಪ್ರೆಸಿನ್ ಎಂದು. ನಾವು ಅಲಾರಂಗೆ ಮುಂಚೆ ಒಂದು ಮದುವೆಗೆ ಹೋಗುವಾಗ ಡಾಕ್ಟರ್ ಕೊಟ್ಟಿದ್ದರು, ನಾಲ್ಕು ದಿನ ಒದ್ದೆಯಾಗಲಿಲ್ಲ. ಮನೆಗೆ ಬಂದು ನಿಲ್ಲಿಸಿದ ಮೇಲೆ ಮತ್ತೆ ಶುರು. ಅಂದರೆ ಅದು ತಾತ್ಕಾಲಿಕ ಸಹಾಯ.

ಮಕ್ಕಳ ವಾರ್ಡ್ ಸಿಸ್ಟರ್, ಜುಲೈ 12, ಬೆಳಿಗ್ಗೆ 7:00

ಆ ಮಾತ್ರೆಯ ಬಗ್ಗೆ ಒಂದು ಎಚ್ಚರಿಕೆ, ಎಲ್ಲರೂ ಓದಿ. ಡಾಕ್ಟರ್ ಬರೆದುಕೊಡದೆ ಅಂಗಡಿಯಿಂದ ತಂದು ಕೊಡಬೇಡಿ. ಮಾತ್ರೆ ಕೊಡುವ ಒಂದು ಗಂಟೆ ಮುಂಚಿನಿಂದ ಎಂಟು ಗಂಟೆ ನಂತರದವರೆಗೆ ಮಗು ಒಂದೆರಡು ಗುಟುಕಿಗಿಂತ ಜಾಸ್ತಿ ನೀರು ಕುಡಿಯಬಾರದು. ಮಾತ್ರೆ ನೀರನ್ನು ದೇಹದೊಳಗೇ ಹಿಡಿದಿಡುತ್ತದೆ. ಅದರ ಮೇಲೆ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ವಾಂತಿ, ಭೇದಿ, ಜ್ವರ ಇರುವ ದಿನ ಕೊಡಲೇಬಾರದು. ಮೂಗಿಗೆ ಹಾಕುವ ಸ್ಪ್ರೇ ರೂಪದ ಇದೇ ಔಷಧಿಯನ್ನು ಹಾಸಿಗೆ ಒದ್ದೆಗೆ ಬಳಸಬಾರದು ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲೇ ಹೇಳಿದೆ.

ಮಲೆನಾಡಿನ ಅಮ್ಮ, ಜುಲೈ 26, ರಾತ್ರಿ 10:20

ಎರಡು ವಾರ ಮೌನವಾಗಿದ್ದೆ, ಕ್ಷಮಿಸಿ. ನೋಟ್‌ಬುಕ್ ತುಂಬಿಸುತ್ತಿದ್ದೆ.

ಸಿಸ್ಟರ್, ನೀವು ಕೇಳಿದ ಒಂದೊಂದು ಪ್ರಶ್ನೆಗೂ ಉತ್ತರ ಬರೆಯುತ್ತಾ ಹೋದ ಹಾಗೆ ನನಗೇ ಕಣ್ಣು ಬಿಟ್ಟ ಹಾಗಾಯಿತು. ನೀರಿನ ಬಾಟಲಿ ದಿನಾ ತುಂಬಿದ್ದು ತುಂಬಿದ ಹಾಗೆ ವಾಪಸ್ ಬರುತ್ತದೆ. ನಾನು ಚೆಲ್ಲಿ, ತೊಳೆದು, ಮಾರನೇ ದಿನ ತುಂಬಿಸಿ ಕಳಿಸುತ್ತಿದ್ದೆ, ಯಾಕೆ ಕುಡಿದಿಲ್ಲ ಎಂದು ಕೇಳಿರಲೇ ಇಲ್ಲ. ಈಗ ಕೇಳಿದೆ. "ಕುಡಿದರೆ ಒಂದಕ್ಕೆ ಬರುತ್ತೆ, ಅಲ್ಲಿ ವಾಸನೆ, ಬಾಗಿಲು ಹಾಕೋಕೆ ಬರಲ್ಲ" ಎಂದ. ಬೆಳಿಗ್ಗೆ ಎಂಟೂವರೆಗೆ ಹೋದವನು ಮಧ್ಯಾಹ್ನ ಮೂರೂವರೆಗೆ ಬ್ಯಾಗ್ ಎಸೆದು ಬಚ್ಚಲಿಗೆ ಓಡುತ್ತಾನೆ. ಅದನ್ನು ನಾನು ದಿನಾ ನೋಡುತ್ತಿದ್ದೆ, ನೋಡಿಯೂ ನೋಡಿರಲಿಲ್ಲ. ಆಮೇಲೆ ಆಟ ಆಡಿ ಬಂದು ಎರಡು ಲೋಟ ನೀರು, ಏಳಕ್ಕೆ ಒಂದು ಲೋಟ, ಮಲಗುವ ಮುಂಚೆ ದೊಡ್ಡ ಲೋಟದಲ್ಲಿ ಹಾಲು. ಇಡೀ ದಿನದ ನೀರೆಲ್ಲ ಸಂಜೆಯ ಮೇಲೆ.

ಎರಡಕ್ಕೆ ಹೋಗುವುದು ಎರಡು ದಿನಕ್ಕೊಮ್ಮೆ, ಕೆಲವೊಮ್ಮೆ ಮೂರು. ಗಟ್ಟಿ ಉಂಡೆ. ಇದು ಅವನ ಅಭ್ಯಾಸ ಎಂದುಕೊಂಡಿದ್ದೆ. ಭಾನುವಾರ ಅಳೆದಾಗ ಒಂದು ಸಲಕ್ಕೆ ಅತಿ ಹೆಚ್ಚು ಬಂದಿದ್ದು 110 ಮಿಲಿ.

ನೋಟ್‌ಬುಕ್ ಹಿಡಿದುಕೊಂಡು ಮಕ್ಕಳ ಡಾಕ್ಟರ್ ಹತ್ತಿರ ಹೋದೆವು. ಮೂತ್ರ ಪರೀಕ್ಷೆ ಮಾಡಿಸಿದರು. ಸೋಂಕಿಲ್ಲ, ಸಕ್ಕರೆ ಇಲ್ಲ. ಹೊಟ್ಟೆ ಒತ್ತಿ ನೋಡಿ "ಇಲ್ಲಿ ತುಂಬಿದೆ" ಎಂದು ನನ್ನ ಕೈಯನ್ನೇ ಇಟ್ಟು ತೋರಿಸಿದರು. ಮಲ ಮೆತ್ತಗೆ ಮಾಡುವ ಸಿರಪ್ ಕೊಟ್ಟಿದ್ದಾರೆ, ಕೆಲವು ತಿಂಗಳು ಕೊಡಬೇಕಂತೆ, ಸರಿಯಾಯಿತು ಎಂದು ನಾವೇ ನಿಲ್ಲಿಸಬಾರದಂತೆ. ಪಪ್ಪಾಯಿ, ಪೇರಲೆ, ಬಾಳೆದಿಂಡಿನ ಪಲ್ಯ, ಹರಿವೆ ಸೊಪ್ಪು ಜಾಸ್ತಿ ಮಾಡಿದ್ದೇನೆ. ನಮ್ಮಲ್ಲಿ ಕಮೋಡ್, ಅವನ ಕಾಲು ನೇತಾಡುತ್ತಿತ್ತು. ಊಟದ ಮಣೆಗಳನ್ನು ಒಂದರ ಮೇಲೊಂದು ಇಟ್ಟು ಕಾಲಿಗೆ ಆಸರೆ ಮಾಡಿದ್ದೇವೆ. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಸುಮ್ನೆ ಕೂರುತ್ತಾನೆ, ನಾನು ಕಥೆ ಹೇಳುತ್ತೇನೆ.

ಶಾಲೆಯಲ್ಲಿ ಟೀಚರ್ ಹತ್ತಿರ ಮಾತಾಡಿದೆ. ಹಿಂಜರಿಕೆಯಿಂದಲೇ ಹೋಗಿದ್ದೆ. ಅವರು ಚೆನ್ನಾಗಿ ಕೇಳಿಸಿಕೊಂಡರು. ಈಗ ಸಣ್ಣ ಬಿಡುವಿನಲ್ಲಿ ಆಯಾ ಜೊತೆಗೆ ಹೋಗಿ ಬಾಗಿಲ ಹತ್ತಿರ ನಿಲ್ಲುತ್ತಾರೆ. ಬಾಟಲಿ ಅರ್ಧ ಖಾಲಿಯಾಗಿ ಬರುತ್ತಿದೆ.

ನಕ್ಷತ್ರ ಅಂಟಿಸುವ ಚಾರ್ಟ್ ಮಾಡಲು ಹೊರಟಿದ್ದೆ, ಒದ್ದೆ ಮಾಡದ ದಿನಕ್ಕೆ ಒಂದು ನಕ್ಷತ್ರ ಎಂದು. ಡಾಕ್ಟರ್ ಬೇಡ ಎಂದರು. ಅವನ ಕೈಯಲ್ಲಿ ಇಲ್ಲದ್ದಕ್ಕೆ ಬಹುಮಾನ ಇಟ್ಟರೆ ಸಿಗದ ದಿನ ಅದು ಶಿಕ್ಷೆಯೇ ಆಗುತ್ತದೆ. ಬಾಟಲಿ ನೀರು ಕುಡಿದಿದ್ದಕ್ಕೆ, ಮಲಗುವ ಮುಂಚೆ ಒಂದಕ್ಕೆ ಹೋಗಿದ್ದಕ್ಕೆ, ಬೆಳಿಗ್ಗೆ ಒದ್ದೆ ಬಟ್ಟೆ ಬಕೆಟ್‌ಗೆ ತಂದು ಹಾಕಿದ್ದಕ್ಕೆ ನಕ್ಷತ್ರ ಕೊಡಿ ಎಂದರು. ಈಗ ದಿನಕ್ಕೆ ಮೂರೂ ಸಿಗುತ್ತವೆ.

ಧಾರವಾಡದ ಅಣ್ಣ, ನೀವು ಹೇಳಿದ ಹಾಗೆ ಇವರನ್ನು ಕೇಳಿದೆ. ಇವರು ಉತ್ತರ ಕೊಡದೆ ಎದ್ದು ಹೊರಗೆ ಹೋದರು. ಒಳಗಿದ್ದ ಅತ್ತೆಗೆ ಕೇಳಿಸಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವರೇ ಬಂದು, "ಅವನೂ ಎಂಟು ವರ್ಷದವರೆಗೆ ಮಾಡುತ್ತಿದ್ದ, ನಾನು ಗೋಣಿಚೀಲದ ಮೇಲೆ ಮಲಗಿಸುತ್ತಿದ್ದೆ" ಎಂದರು. ಮತ್ತೆ ಏನೂ ಹೇಳಲಿಲ್ಲ. ಮಾರನೇ ದಿನ ಪೆಟ್ಟಿಗೆಯಿಂದ ಮಾವನವರ ಹಳೆ ಪಂಚೆಗಳನ್ನು ತೆಗೆದು, ಹರಿದು, ಅಂಚು ಹೊಲಿದು ನನ್ನ ಕೈಗೆ ಕೊಟ್ಟರು. ಬೆಳಗಿನ ಆ ಮಾತು ನಿಂತಿದೆ. ಇವರು ಮಗನಿಗೆ ಹೇಳಿದ್ದಾರೋ ಇಲ್ಲವೋ ನಾನು ಕೇಳಿಲ್ಲ. ಆದರೆ ಈಗ ರಾತ್ರಿ ಎರಡು ಗಂಟೆಗೆ ಇವರೂ ಏಳುತ್ತಾರೆ.

ಒದ್ದೆ ಇನ್ನೂ ಆಗುತ್ತಿದೆ. ಈ ವಾರ ಐದು ದಿನ.

ಧಾರವಾಡದ ಅಪ್ಪ, ಜುಲೈ 27, ಬೆಳಿಗ್ಗೆ 6:05

ಗೋಣಿಚೀಲ ಎಂದು ಓದಿ ಎದೆ ಭಾರವಾಯಿತು. ಅವರಿಗೆ ನನ್ನ ನಮಸ್ಕಾರ ಹೇಳಿ. ಹೇಳಲು ಟೈಮ್ ಬೇಕಾಗುತ್ತದೆ ಅಕ್ಕಾರ, ಒತ್ತಾಯ ಮಾಡಬೇಡಿ. ರಾತ್ರಿ ಏಳುತ್ತಾರಲ್ಲ, ಹುಡುಗನಿಗೆ ಅದು ಗೊತ್ತಾಗುತ್ತದೆ.

ಮೈಸೂರು ಅಕ್ಕ, ಜುಲೈ 27, ಬೆಳಿಗ್ಗೆ 9:40

ಚೌತಿಗೆ ಹೋಗುವಾಗ ರಬ್ಬರ್ ಶೀಟ್ ಜೋಡಿ, ಪಂಚೆ, ಮುಚ್ಚಳ ಬಿಗಿಯಾದ ಒಂದು ಪ್ಲಾಸ್ಟಿಕ್ ಡಬ್ಬ ತೆಗೆದುಕೊಂಡು ಹೋಗಿ. ಅಮ್ಮನಿಗೆ ಮಾತ್ರ ಮೊದಲೇ ಫೋನ್ ಮಾಡಿ ಹೇಳಿಡಿ. ಜಗುಲಿಯ ತುದಿಯಲ್ಲಿ ಬಾಗಿಲ ಪಕ್ಕ ಅವನ ಹಾಸಿಗೆ ಹಾಕಿ, ಪಕ್ಕದಲ್ಲಿ ನೀವು. ಅವನಿಗೂ ಮೊದಲೇ ಹೇಳಿ, "ಆದರೆ ಅಮ್ಮ ಯಾರಿಗೂ ಕಾಣದ ಹಾಗೆ ಬದಲಿಸುತ್ತಾಳೆ" ಎಂದು. ಅವನ ಹೆದರಿಕೆ ಒದ್ದೆಯದ್ದಲ್ಲ, ಬೇರೆಯವರಿಗೆ ಕಾಣುವುದರದ್ದು.

ಮಲೆನಾಡಿನ ಅಮ್ಮ, ಸೆಪ್ಟೆಂಬರ್ 4, ರಾತ್ರಿ 9:45

ಚೌತಿಗೆ ಹೋಗಿ ಬಂದೆವು. ಮೈಸೂರು ಅಕ್ಕ, ನೀವು ಹೇಳಿದ ಹಾಗೆಯೇ ಮಾಡಿದೆ. ಹೊರಡುವ ಹಿಂದಿನ ದಿನ ಡಬ್ಬಕ್ಕೆ ಬಟ್ಟೆ ತುಂಬುವಾಗ ಅವನನ್ನೇ ಕೂರಿಸಿಕೊಂಡೆ. ಎಲ್ಲ ಎಣಿಸಿ ನೋಡಿ, "ಹಾಗಾದರೆ ಬರ್ತೀನಿ" ಎಂದ.

ನಾಲ್ಕು ರಾತ್ರಿ ಇದ್ದೆವು. ಎರಡು ರಾತ್ರಿ ಒದ್ದೆಯಾಯಿತು. ಹಬ್ಬದ ದಿನ ಪಂಚಕಜ್ಜಾಯ, ಪಾಯಸ, ಓಡಾಟ ಎಲ್ಲ ಸೇರಿ ಆಗೇ ಆಗುತ್ತದೆ ಎಂದು ಗೊತ್ತಿತ್ತು. ಕತ್ತಲಲ್ಲಿ ಮೇಲಿನ ಜೋಡಿ ಸುತ್ತಿ ಡಬ್ಬಕ್ಕೆ ಹಾಕಿದೆ, ಯಾರೂ ಏಳಲಿಲ್ಲ. ಅಮ್ಮ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಒಗೆದು ಹಂಡೆ ಒಲೆ ಮೇಲೆ ಹಾಕಿದ್ದಳು. ಮೂರನೇ ದಿನ ಸಣ್ಣ ಅತ್ತಿಗೆ ಬಚ್ಚಲಲ್ಲಿ ಆ ಪಂಚೆ ನೋಡಿ, ಮೆಲ್ಲಗೆ ನನ್ನ ಹತ್ತಿರ ಬಂದು ರಬ್ಬರ್ ಶೀಟ್ ಎಲ್ಲಿ ತಗೊಂಡೆ ಎಂದು ಕೇಳಿದರು. ಅವರ ಮಗಳಿಗೆ ಏಳು ವರ್ಷ. ಒಂದು ಜೋಡಿ ಅಲ್ಲೇ ಬಿಟ್ಟು ಬಂದೆ, ಈ ಪುಟದ ಲಿಂಕನ್ನೂ ಕಳಿಸಿದೆ.

ಎರಡಕ್ಕೆ ಈಗ ದಿನಾ ಹೋಗುತ್ತಾನೆ. ಕಳೆದ ಭಾನುವಾರ ಮತ್ತೆ ಅಳೆದೆ, 150 ಮಿಲಿ ಬಂತು. ಆಗಸ್ಟ್ ತಿಂಗಳ ನೋಟ್‌ಬುಕ್ ಪ್ರಕಾರ 31 ರಾತ್ರಿಯಲ್ಲಿ 15 ಒದ್ದೆ, 16 ಇಲ್ಲ. ಸಿರಪ್ ಮುಂದುವರಿಸಿ ಎಂದಿದ್ದಾರೆ. ಆರು ವರ್ಷ ತುಂಬಿದ ಮೇಲೂ ಹೀಗೇ ಇದ್ದರೆ ಅಲಾರಂ ನೋಡೋಣ ಎಂದರು. ಚಿನ್ನಿ ಅಮ್ಮ, ಆ ಸೆನ್ಸರ್ ತೊಳೆಯಲು ಬರುತ್ತದಾ, ಇಲ್ಲ ಬರೀ ಒರೆಸಬೇಕಾ? ನಮ್ಮ ಕಡೆ ತೇವ ಜಾಸ್ತಿ, ಬಟ್ಟೆಯ ತೇವಕ್ಕೇ ಸುಮ್ನೆ ಕೂಗಿಬಿಡುತ್ತದೇನೋ ಎಂದು ಯೋಚನೆ.